ಕೋಕನಟ್ ಎಂಬ ಗುಮ್ಮ

ತೆಂಗಿನಕಾಯಿಯ ಜುಟ್ಟನ್ನು ಪಕ್ಕಕ್ಕೆ ಸರಿಸಿ ಅದರ ಮುಖವನ್ನು ನೀವು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ತುರಿಯುವ ಅವಸರದಲ್ಲಿರುವವರಿಗೂ ಒಡೆಯುವ ಭಕ್ತಿಯಲ್ಲಿರುವವರಿಗೂ ಕಾಯಿಯ ಮುಖಪರಿಚಯ ಮಾಡಿಕೊಳ್ಳುವ ವ್ಯವಧಾನ ಎಲ್ಲಿಂದ ಬರಬೇಕು? ಅರಸೀಕೆರೆ ಹತ್ತಿರದ ಗಂಡಸಿ ಎಂಬ ಊರಿನ ತೆಂಗಿನ ತೋಟದವರ ಮನೆಯಲ್ಲಿ ಹುಟ್ಟಿ, ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ತಲೆಗೆ ಕಾಯಿಯ ಎಣ್ಣೆ, ಒಲೆಗೆ ಕಾಯಿಯ ಚಿಪ್ಪು ಎಂದು ಹದಿನೇಳು ವರ್ಷ ಸಂಪೂರ್ಣ ತೆಂಗುಮಯವಾಗಿ ಬದುಕಿದ ನನಗೇ ಅದಕ್ಕೊಂದು ಮುಖವಿದೆ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಮೇಲೆ ಎರಡು ಚುಕ್ಕಿ, ಕೆಳಗೆ ಒಂದು. ಒಂದು ಸಲ ಕಂಡಿತೋ, ಮುಗಿಯಿತು. ಆಮೇಲೆ ಅಡುಗೆಮನೆಯ ಮೂಲೆಯಿಂದ ಅದು ನಿಮ್ಮನ್ನೇ ನೋಡಿ ಹಲ್ಲು ಕಿರಿಯುತ್ತಿರುತ್ತದೆ.

ಈ ಜ್ಞಾನೋದಯಕ್ಕೆ ಕಾರಣ ನಮ್ಮಕ್ಕ ಸುಷ್ಮಾ. ಅರಸೀಕೆರೆಯ ಖಾಸಗಿ ಶಾಲೆಯೊಂದರಲ್ಲಿ ಮೂರು ವರ್ಷ ಇಂಗ್ಲಿಷ್ ಪಾಠ ಮಾಡಿದ ಅಕ್ಕ, ಹೋದ ತಿಂಗಳು ಆ ಕೆಲಸ ಬಿಟ್ಟು, ಬೇಲೂರಿನಲ್ಲಿ ತನ್ನದೇ ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆಯುತ್ತೇನೆಂದು ಹೊರಟಳು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಒಳ್ಳೆಯ ಕೋಣೆಯೂ ಸಿಕ್ಕಿತು. ಕೋಣೆಯ ಒಡತಿ ಗಿರಿಜಮ್ಮನವರು. ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು, ಮಾತಿನಲ್ಲಿ ಒಂದೇ ಒಂದು ಷರತ್ತು. ಆ ಕೋಣೆಯಲ್ಲಿ ಹಿಂದೆ ಇದ್ದ ಟೈಲರು ಆರು ತಿಂಗಳಿಗೆ, ಅವನ ನಂತರ ಬಂದ ಮೊಬೈಲ್ ರಿಪೇರಿಯವನು ನಾಲ್ಕು ತಿಂಗಳಿಗೆ ಅಂಗಡಿ ಎತ್ತಿದ್ದರು. ಇಬ್ಬರೂ ಹೊಸ್ತಿಲಲ್ಲಿ ಕಾಯಿ ಒಡೆಯದೆ ಒಳಗೆ ಕಾಲಿಟ್ಟವರು. ಆದ್ದರಿಂದ ಈ ಸಲ ಕಾಯಿ ಒಡೆಯಲೇಬೇಕು, ಅದನ್ನು ಸ್ವತಃ ಗಿರಿಜಮ್ಮನವರೇ ಒಡೆಯಬೇಕು, ಅದು ಸರಿಯಾಗಿ ಒಡೆದರೆ ಬೀಗದಕೈ ಅಕ್ಕನ ಕೈಗೆ, ಇಲ್ಲದಿದ್ದರೆ "ಬೇರೆ ಕಡೆ ನೋಡ್ಕೊಳ್ಳಮ್ಮ." ಬಿಟ್ಟ ಕೆಲಸ ಹಿಂದೆ ಇತ್ತು, ಸಿಗದ ಕೋಣೆ ಮುಂದೆ ಇತ್ತು, ನಡುವೆ ಒಂದು ಕಾಯಿ. ಅಂಥ ಕಾಯಿಯನ್ನು ಮನೆಯಿಂದ ತರುವ ಹೊಣೆಯನ್ನು ಅಕ್ಕ ಯಾರಿಗೆ ವಹಿಸಿದಳು ಎಂಬುದೇ ಈ ಕಥೆಯ ಮೊದಲ ಆಘಾತ. ನನಗೆ ವಹಿಸಿದಳು.

ಇನ್ನೊಂದು ಹೊಣೆಯೂ ಇತ್ತು. ಕಾಯಿ ಒಡೆಯುವ ದಿನವೇ ಏಳು ಮಕ್ಕಳ ತಂದೆತಾಯಂದಿರು ಕ್ಲಾಸು ನೋಡಲು ಬರುವವರಿದ್ದರು. ಅವರೆದುರು ನಾನು ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು; ಹಳ್ಳಿಯ ಹುಡುಗಿ ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದರೆ ಕಲಿಸಿದವಳು ಎಂಥವಳು ಎಂದು ಅವರು ಬೆರಗಾಗಬೇಕು. ನಾನು ಇಂಗ್ಲಿಷಿನಲ್ಲಿ ಸ್ವಲ್ಪ ಮುಂದು. ಸ್ವಲ್ಪ ಎಂದದ್ದು ವಿನಯಕ್ಕೆ. ನಮ್ಮ ಪಿಯುಸಿ ತರಗತಿಯಲ್ಲಿ ನಾನು ಎದ್ದು ನಿಂತರೆ ಲೆಕ್ಚರರು ಕುಳಿತುಕೊಳ್ಳುತ್ತಾರೆ. ಅವರು ಕುಳಿತುಕೊಳ್ಳುವುದು ಸುಸ್ತಾಗಿ ಎಂದು ನನ್ನ ಗೆಳತಿಯರು ಹೇಳುತ್ತಾರೆ, ನಾನು ನಂಬುವುದಿಲ್ಲ.

ಎರಡು ಹೊಣೆಗೂ ಒಂದೇ ವಸ್ತು ಸಾಕೆಂದು ತೀರ್ಮಾನಿಸಿದೆ. ಕೈಯಲ್ಲಿಯೂ ಕಾಯಿ, ಬಾಯಲ್ಲಿಯೂ ಕಾಯಿ. 'ಕೋಕನಟ್' ಎಂಬ ಪದದ ಹುಟ್ಟನ್ನು ಹುಡುಕಿ ಹೊರಟೆ, ಹುಡುಕಿ ದಂಗಾದೆ. ಮೊದಲು ಇಂಗ್ಲಿಷರು ಅದನ್ನು ಮರ್ಯಾದೆಯಿಂದ ಇಂಡಿಯಾದ ಕಾಯಿ ಎಂದೇ ಕರೆಯುತ್ತಿದ್ದರಂತೆ. ಆಮೇಲೆ ಹಡಗಿನಲ್ಲಿ ಬಂದ ಪೋರ್ಚುಗೀಸರು ನಮ್ಮ ಕಡಲತೀರದಲ್ಲಿ ಇಳಿದು, ಸುಲಿದ ಕಾಯಿಯನ್ನು ಕಂಡು, ಮೂರು ಚುಕ್ಕಿಯ ಆ ಮುಖಕ್ಕೆ ಬೆಚ್ಚಿ, 'ಕೋಕೋ' ಎಂದುಬಿಟ್ಟರು. ಅವರ ಊರಿನಲ್ಲಿ ಕೋಕೋ ಎಂದರೆ ಊಟ ಮಾಡದ ಮಕ್ಕಳನ್ನು ಎತ್ತಿಕೊಂಡು ಹೋಗುವ ಭೂತ. ಅಂದರೆ ನಮ್ಮ ಗುಮ್ಮ! ನನ್ನ ಬಾಲ್ಯದ ಪ್ರತಿಯೊಂದು ತುತ್ತಿನ ಹಿಂದೆಯೂ ನಿಂತಿದ್ದ ಗುಮ್ಮ, ಹಾಗಾದರೆ ಆ ತುತ್ತಿನ ಒಳಗೇ ತುರಿದು ಬಿದ್ದಿದ್ದನೇ? ಅರಸೀಕೆರೆ ತಾಲ್ಲೂಕೆಂಬ ತಾಲ್ಲೂಕೇ ಗುಮ್ಮನನ್ನು ಬೆಳೆದು, ಒಣಗಿಸಿ, ಮೂಟೆ ಕಟ್ಟಿ ಮಾರುತ್ತಿದೆಯೇ? ನಾನು ಆ ದಿನ ಚಟ್ನಿ ಹಾಕಿಸಿಕೊಳ್ಳಲಿಲ್ಲ.

ಪದಕ್ಕೆ ಇನ್ನೆರಡು ಅರ್ಥಗಳಿದ್ದವು. ಇಂಗ್ಲಿಷರು ತಮಾಷೆಗೆ ತಲೆಯನ್ನೂ ಕೋಕನಟ್ ಎನ್ನುತ್ತಾರಂತೆ. ಅದನ್ನು ಭಾಷಣಕ್ಕೆ ಸೇರಿಸಿಕೊಂಡೆ. ಮೂರನೆಯದು, ನಮ್ಮ ಬಣ್ಣದವರು ಬಿಳಿಯರನ್ನು ಅನುಕರಿಸುತ್ತಾ ಮೆರೆದರೆ ಅವರನ್ನು ಚುಚ್ಚಲು ಆಡುವ ಮಾತು: ಹೊರಗೆ ಕಂದು, ಒಳಗೆ ಬಿಳಿ. ಇದನ್ನು ಓದಿದಾಗ ನಾನು ಕನ್ನಡಿಯೆದುರು ನಿಂತು, ಇಂಗ್ಲೆಂಡಿನವಳಂತೆ ತುಟಿ ದುಂಡಗೆ ಮಾಡಿ 'ಕೋ' ಎನ್ನುತ್ತಿದ್ದೆ. ಕಾಲಾವಕಾಶದ ಅಭಾವದಿಂದ ಈ ಅರ್ಥವನ್ನು ಕೈಬಿಡಲಾಯಿತು.

ಇನ್ನು ಕಾಯಿಯ ಆಯ್ಕೆ. ನಮ್ಮ ಕಡೆಯ ಮನೆಗಳ ಸಂಗತಿ ತಿಳಿಯದವರಿಗಾಗಿ ಎರಡು ಮಾತು. ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ನಾವು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಚೆಂಡಿನಂತೆ ಉಂಡೆ ಕೊಬ್ಬರಿಯಾಗುತ್ತದೆ. ಆಗ ಕೆಳಗಿಳಿಸಿ, ಸುಲಿದು, ಒಡೆದು ತೆಗೆಯುತ್ತೇವೆ. ಬೇಲೂರಿಗೆ ಹೊರಟ ದಿನ ನಮ್ಮ ಜಗಲಿಯಲ್ಲಿ ಅಂಥ ಕಾಯಿಗಳ ಸುಲಿದ ರಾಶಿ ಒಂದು ಕಡೆ, ಮನೆಬಳಕೆಯ ಹಸಿ ಕಾಯಿಗಳ ರಾಶಿ ಇನ್ನೊಂದು ಕಡೆ ಇತ್ತು. ನೋಡಲು ಎರಡೂ ಒಂದೇ. ಗುರುತಿಸುವ ವಿದ್ಯೆ ನಮ್ಮ ಮನೆಯ ಅಂಬೆಗಾಲಿನ ಮಗುವಿಗೂ ಬರುತ್ತದೆ: ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಗುಳುಗುಳು ಎಂದರೆ ನೀರು, ಲೊಟಲೊಟ ಎಂದರೆ ಕೊಬ್ಬರಿ.

"ಸಿಂಚು, ಕಿವಿಗೆ ಹಿಡ್ದು ಅಲ್ಲಾಡ್ಸಿ ತಗಳೇ" ಎಂದು ಅಜ್ಜಿ ಒಳಗಿನಿಂದ ಕೂಗಿದಳು.

ನಾನು ವಿಧೇಯಳಾಗಿ ಅಲ್ಲಾಡಿಸಿದೆ. ಚೆಂದದ ಜುಟ್ಟಿದ್ದ ಒಂದನ್ನು ಎತ್ತಿ, ಕಿವಿಗೆ ಹಿಡಿದು, ಮೂರು ಸಲ ಅಲ್ಲಾಡಿಸಿದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದರಲ್ಲಿ ಲಂಡನ್ನಿನ ಹೆಂಗಸೊಬ್ಬಳು "ಕೋಕನಟ್, ಕೋಕನಟ್" ಎಂದು ನನಗೆ ಉಚ್ಚಾರಣೆ ಕಲಿಸುತ್ತಿದ್ದಳು. ಕಾಯಿ ಹಗುರವಾಗಿತ್ತು. ಅದು ನನ್ನ ತೋಳಿನ ಬಲವೆಂದುಕೊಂಡು ಚೀಲಕ್ಕೆ ಹಾಕಿದೆ.

ಅರಸೀಕೆರೆಯಲ್ಲಿ ಬೇಲೂರಿನ ಬಸ್ಸು ಹತ್ತಿ, ನನ್ನ ಜೊತೆ ಹೊರಟಿದ್ದ ಅಜ್ಜಿ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ನನಗೆ ಹೊಟ್ಟೆಯಲ್ಲಿ ವಿದ್ಯೆ ನಿಲ್ಲುವುದಿಲ್ಲ.

"ಅಜ್ಜಿ, ಕೋಕನಟ್ ಅಂದ್ರೆ ಏನು ಗೊತ್ತಾ?"

"ತೆಂಗಿನ್‌ಕಾಯಿ ಕಣೇ. ಅಷ್ಟೂ ಗೊತ್ತಿಲ್ದೆ ಇಷ್ಟ್ ವರ್ಷ ಬದುಕಿದೀನೇನೆ?"

"ಅಲ್ಲ ಅಜ್ಜಿ. ಗುಮ್ಮನ ಕಾಯಿ!"

ನಾನು ಪೋರ್ಚುಗೀಸರ ಕಥೆಯನ್ನು ಕೈಕಾಲು ಸೇರಿಸಿ ಹೇಳಿದೆ. ಹಡಗಿನಲ್ಲಿ ಹತ್ತು ಜನ ಮೂರ್ಛೆ ಹೋದರು ಎಂಬ ಭಾಗ ನನ್ನ ಸ್ವಂತದ್ದು. ಅಜ್ಜಿಯ ಕಣ್ಣು ಕಿಟಕಿಯ ಗಾಜಿನಷ್ಟಾಯಿತು.

"ನಿನ್ ಬಾಯಿಗಿಷ್ಟು ಮಣ್ಣಾಕ! ಮೂರ್ ಕಣ್ಣು ಯಾರ್ಗೈತೆ ಹೇಳೇ? ಮುಕ್ಕಣ್ಣನ್ನ ಹಿಡ್ಕಂಡು ಗುಮ್ಮ ಅಂತೀಯಲ್ಲೇ ಮೂದೇವಿ!"

"ನಾನಂದಿದ್ದಲ್ಲ ಅಜ್ಜಿ, ಹಡಗಲ್ಲಿ ಬಂದೋರು ಅಂದಿದ್ದು."

"ಬಂದೋರು ಬಾಯ್ ಮುಚ್ಕಂಡು ಕಾಯಿ ತಿಂದ್ ಹೋಗದಲ್ವಾ? ಹೆಸ್ರಿಡಾಕೆ ಇವರ್ನ ಯಾರ್ ಕರೆದ್ರು?"

ಅಷ್ಟರಲ್ಲಿ ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದು ನಿಂತಿದ್ದ. "ಅಜ್ಜೀ, ನೀವಿಬ್ರೂ ಫ್ರೀ, ಸರಿ. ಚೀಲದಾಗಿರೋ ಗುಮ್ಮ ಗಂಡೋ ಹೆಣ್ಣೋ? ಗಂಡಾದ್ರೆ ಟಿಕೆಟ್ ತಗಬೇಕು."

ಇಡೀ ಬಸ್ಸು ನಕ್ಕಿತು. ಅಜ್ಜಿ ಮಾತ್ರ ಜಾವಗಲ್ ದಾಟುವವರೆಗೂ ಚೀಲಕ್ಕೆ ಸೆರಗು ಮುಚ್ಚಿಕೊಂಡು, ಕಾಯಿಗೆ ಕೇಳಿಸೀತೆಂಬಂತೆ ನನ್ನನ್ನು ದುರುಗುಟ್ಟಿದಳು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಅವಳ ಮೌನ ಒಡೆಯಿತು. ದೇವಸ್ಥಾನದ ಕಡೆಗೆ ಗದ್ದ ಎತ್ತಿ ತೋರಿಸಿ, "ಅಲ್ಲಿ ದೇವ್ರ ತಲೆ ಮ್ಯಾಲೆ ಒಂದು ಮುಖ ಕಡ್ದವ್ರೆ, ನೋಡಿದೀಯಾ? ಕಣ್ಗುಡ್ಡೆ ಈಚಿಗೆ ಬಂದೈತೆ, ಕೋರೆಹಲ್ಲು ಬ್ಯಾರೆ. ಅದೂ ಗುಮ್ಮ್ನೇನೆ?" ಎಂದಳು.

ನೋಡಿದ್ದೆ. ಶಾಲೆಯ ಪ್ರವಾಸದಲ್ಲಿ ಆ ಸಿಂಹಮುಖದ ಕೆಳಗೆ ನಿಂತು, ಅದರಂತೆಯೇ ಕಣ್ಣುಬಿಟ್ಟು ಸೆಲ್ಫಿ ತೆಗೆಸಿಕೊಂಡಿದ್ದೆ. ದೇವರ ನೆತ್ತಿಯ ಮೇಲೆ ಇಷ್ಟು ಭಯಂಕರವಾದದ್ದನ್ನು ಯಾಕೆ ಕೂರಿಸಿದರೆಂದು ಆಗ ಕೇಳಬೇಕೆನಿಸಿರಲಿಲ್ಲ. ಫೋಟೊ ಚೆನ್ನಾಗಿ ಬಂದಿತ್ತು. ಈಗಲೂ ಕೇಳದೆ, ಇಯರ್‌ಫೋನ್ ಸಿಕ್ಕಿಸಿಕೊಂಡು ಲಂಡನ್ನಿಗೆ ಹೋದೆ.

ಬೇಲೂರಿನ ಆ ಮಹಡಿಯಲ್ಲಿ, ಬೀಗ ಹಾಕಿದ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕುರ್ಚಿಗಳು ತುಂಬಿದ್ದವು. ಏಳು ಮಕ್ಕಳ ಕಡೆಯವರೂ ಬಂದಿದ್ದರು. ಗಿರಿಜಮ್ಮನವರಿಗೆ ಪೂಜೆ ತಡವಾಗಿತ್ತು. ಕುರ್ಚಿಗಳು ಕಿರುಗುಟ್ಟತೊಡಗಿದಾಗ ಅಕ್ಕ ನನ್ನ ಕಿವಿಯಲ್ಲಿ, "ಸಿಂಚು, ನೀನು ಮೊದ್ಲು ಮಾತಾಡ್ಬಿಡು. ಬರ್ಕೊಂಡಿರೋದಷ್ಟೇ, ಜಾಸ್ತಿ ಎಳೀಬೇಡ" ಎಂದಳು.

ನಾನು ಎಳೆದೆ. ಮೂರು ನಿಮಿಷದ ಇಂಗ್ಲಿಷಿಗೆ ಚಪ್ಪಾಳೆ ಬಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಚಪ್ಪಾಳೆ ಸದ್ದು ಕಿವಿಗೆ ಬಿದ್ದದ್ದೇ ನನಗೆ ಎಲ್ಲರೂ ಅರ್ಥ ಮಾಡಿಕೊಳ್ಳಲಿ ಎಂಬ ಲೋಕಕಲ್ಯಾಣದ ಬುದ್ಧಿ ಬಂದು, ಅದನ್ನೇ ಕನ್ನಡದಲ್ಲಿ ಶುರು ಮಾಡಿದೆ. ಪೂಜೆಯ ತಟ್ಟೆಯಿಂದ ಕಾಯಿ ಎತ್ತಿ, ಜುಟ್ಟು ಸರಿಸಿ, ಮೂರು ಕಣ್ಣನ್ನು ಸಾಲಾಗಿ ಎಲ್ಲರಿಗೂ ತೋರಿಸುತ್ತಾ, "ನೋಡಿ, ಇವನೇ ಗುಮ್ಮ!" ಎಂದೆ. ಮುಂದಿನ ಸಾಲಿನಲ್ಲಿ ತಾಯಿಯ ತೊಡೆಯ ಮೇಲೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಹಿಂದೆ ಮೆಟ್ಟಿಲ ಬಾಯಲ್ಲಿ ಗಿರಿಜಮ್ಮನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ವಿಭೂತಿಯ ಮೂರು ಗೆರೆಗಳು ಆರಾಗಿದ್ದವು.

"ಸಾಕು, ಕೊಡಮ್ಮ ಇಲ್ಲಿ" ಎಂದಷ್ಟೇ ಹೇಳಿ, ಕಾಯಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಹೊಸ್ತಿಲ ಪಕ್ಕದ ಕಲ್ಲಿಗೆ ಒಂದೇ ಏಟು ಹಾಕಿದರು.

ನೀರು ಚಿಮ್ಮಲಿಲ್ಲ. ಒಂದು ತೊಟ್ಟೂ ಇಲ್ಲ. ಚಿಪ್ಪು ಮೂರು ಹೋಳಾಯಿತು, ಅದರೊಳಗಿಂದ ಕಂದು ಬಣ್ಣದ ಗುಂಡನೆಯ ತಲೆಯಂಥದೊಂದು ಹೊರಕ್ಕೆ ಜಿಗಿದು, ನೆಲದ ಮೇಲೆ ಉರುಳಿ, ಕುರ್ಚಿಗಳ ಕಾಲ ಸಂದಿಯಲ್ಲಿ ತೂರಿಕೊಂಡು ಹೊರಟಿತು.

"ಗುಮ್ಮಾ!" ಪುಟ್ಟ ಹುಡುಗಿ ಚೀರಿದಳು.

ಕುಳಿತಿದ್ದವರೆಲ್ಲ ಕಾಲು ಮೇಲೆತ್ತಿದರು. ಒಬ್ಬರು ಕುರ್ಚಿಯ ಮೇಲೆಯೇ ನಿಂತರು. ಅವರು ಮೀಸೆಯಿದ್ದ ಗಂಡಸರೆಂಬುದನ್ನು ನಾನು ಸಂಕಟದ ನಡುವೆಯೂ ಗಮನಿಸಿದೆ. ಉಂಡೆ ಕೊಬ್ಬರಿ ಯಾರ ಮುಲಾಜಿಗೂ ಒಳಗಾಗದೆ ಮೆಟ್ಟಿಲ ಬಾಯಿಗೆ ಹೋಗಿ, ಅರೆಕ್ಷಣ ಯೋಚಿಸಿ, ಟಕ್, ಟಕ್, ಟಕ್ ಎಂದು ಹದಿನಾರೂ ಮೆಟ್ಟಿಲನ್ನು ಒಂದೊಂದಾಗಿ ಇಳಿಯಿತು. ನಾವೆಲ್ಲ ಎಣಿಸಿದೆವು.

"ನೀರೇ ಇಲ್ವಲ್ಲ," ಎಂದರು ಗಿರಿಜಮ್ಮನವರು, ಕೈಯಲ್ಲಿದ್ದ ಚಿಪ್ಪನ್ನು ನೋಡುತ್ತಾ. "ಐವತ್ತು ವರ್ಷ ಕಾಯಿ ಒಡೆದಿದ್ದೀನಿ. ಕೊಳೆತಿದ್ದು ಕಂಡಿದ್ದೀನಿ. ಎದ್ದು ಓಡೋದನ್ನ ಕಂಡಿಲ್ಲ." ಬೇಲೂರಿನವರಿಗೆ ಕೊಬ್ಬರಿ ಎಂದರೆ ಅಂಗಡಿಯ ಹೋಳು, ಅದು ಗುಂಡಾಗಿ ಚಿಪ್ಪಿನಿಂದ ಈಚೆ ಬರುವುದನ್ನು ಅವರು ನೋಡಿಯೇ ಇರಲಿಲ್ಲ. ಅವರು ಬೆರಳಲ್ಲಿ ಹಿಡಿದಿದ್ದ ಬೀಗದಕೈಯನ್ನು ಮೆಲ್ಲಗೆ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು, ಏನೋ ನೆನಪಾದವರಂತೆ ಕೆಳಗಿಳಿದು ಹೋದರು.

ಅಕ್ಕ ನನ್ನನ್ನು ನೋಡಿದಳು. ಬೈದಿದ್ದರೆ ನಾನು ತಿರುಗಿ ಹೇಳಬಹುದಾದ ಹತ್ತು ಮಾತು ನನ್ನಲ್ಲಿ ಸದಾ ಸಿದ್ಧವಿರುತ್ತವೆ. ಅವಳು ಬೈಯಲಿಲ್ಲ. ಬೀಗ ಹಾಕಿದ್ದ ಆ ಬಾಗಿಲನ್ನು ಒಮ್ಮೆ, ಖಾಲಿಯಾದ ಎರಡು ಕುರ್ಚಿಗಳನ್ನು ಒಮ್ಮೆ ನೋಡಿದಳು.

"ಹೋಗು, ತಗಂಬಾ ಅದ್ನ" ಎಂದಳು ಅಜ್ಜಿ.

ಇಳಿದು ಹೋದೆ. ಕೆಳಗಿನ ಬಳೆ ಅಂಗಡಿಯವರು ಅದನ್ನು ಕಾಲಿನ ತುದಿಯಿಂದ ಮುಟ್ಟಿ ನೋಡುತ್ತಿದ್ದರು. ಎತ್ತಿಕೊಂಡು ಮೆಟ್ಟಿಲು ಹತ್ತುವಾಗ, ಯಾಕೆಂದು ಗೊತ್ತಿಲ್ಲ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಇಯರ್‌ಫೋನ್ ತೆಗೆದು ಜೇಬಿಗೆ ತುರುಕಿದೆ. ಅಜ್ಜಿ ಉಂಡೆಯನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ವ್ಯಾಪಾರಕ್ಕೆ ಕೂತವಳ ಗಾಂಭೀರ್ಯದಿಂದ ತಿರುಗಿಸಿ ನೋಡಿದಳು.

"ಗಿರಿಜಮ್ಮೋರೇ, ಇದು ಗುಮ್ಮನೂ ಅಲ್ಲ, ಅಪಶಕುನಾನೂ ಅಲ್ಲ. ಕೊಬ್ರಿ. ಒಂದೊರ್ಸ ಅಟ್ಟದಾಗೆ ಕೂತಿತ್ತು. ನೀವು ಮಡ್ಲು ತುಂಬುವಾಗ ಇಡ್ತೀರಲ್ಲ, ಅದೇಯ. ಆದ್ರೂ ಇವತ್ತು ತರಬೇಕಾಗಿದ್ದು ನೀರಿರೋ ಕಾಯಿ. ತಪ್ಪು ನಮ್ದೇ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾಡ್ಸಿ ನೋಡಿದ್ಯೇನೆ?"

ಇಲ್ಲಿ ಹೇಳಲು ನನ್ನ ಬಳಿ ಸೊಗಸಾದ ಸುಳ್ಳುಗಳಿದ್ದವು. ಬಸ್ಸಿನ ಕುಲುಕಾಟಕ್ಕೆ ನೀರು ಇಂಗಿತು ಎಂಬುದು ಅವುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ಆದರೆ ಅಕ್ಕ ಇನ್ನೂ ಆ ಬಾಗಿಲನ್ನೇ ನೋಡುತ್ತಿದ್ದಳು.

"ಅಲ್ಲಾಡ್ಸಿದೆ. ಕೇಳಿಸ್ಲಿಲ್ಲ. ಕಿವೀಲಿ ಇಯರ್‌ಫೋನ್ ಇತ್ತು. ಇಂಗ್ಲಿಷ್ ಪ್ರಾಕ್ಟೀಸ್ ಮಾಡ್ತಿದ್ದೆ. ಅಕ್ಕಂದು ಏನೂ ತಪ್ಪಿಲ್ಲ ಆಂಟಿ, ಅವ್ಳು ಜಾಸ್ತಿ ಮಾತಾಡ್ಬೇಡ ಅಂತಾನೂ ಹೇಳಿದ್ಲು."

ನನ್ನ ಜೀವನದ ಅತಿ ಚಿಕ್ಕ ಭಾಷಣ ಅದು. ಚಪ್ಪಾಳೆ ಬೀಳಲಿಲ್ಲ. ಗಿರಿಜಮ್ಮನವರು ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟು, "ಇದನ್ನ ಮಾತ್ರ ಚೆನ್ನಾಗಿ ಹೇಳಿದೆ ನೋಡು. ಹೋಗು, ಕೆಳಗೆ ಒಂದು ಕಾಯಿ ತಗೊಂಡ್ ಬಾ. ಎರಡೂ ಕಿವಿ ಜೊತೇಲಿ ತಗೊಂಡ್ ಹೋಗು" ಎಂದರು.

ತಂದೆ. ಅಂಗಡಿಯಲ್ಲಿ ಒಂಬತ್ತು ಕಾಯಿ ಅಲ್ಲಾಡಿಸಿ, ಅಂಗಡಿಯವನಿಂದ ಬೈಸಿಕೊಂಡು ತಂದೆ. ಗಿರಿಜಮ್ಮನವರು ಅದನ್ನು ತಾವು ಕಿವಿಗೆ ಹಿಡಿದು ಅಲ್ಲಾಡಿಸಿ, ಅಕ್ಕನಿಗೆ ಕೊಟ್ಟರು. ಅಕ್ಕ ಮೀಸೆಯವರಿಗೆ, ಮೀಸೆಯವರು ಪಕ್ಕದವರಿಗೆ. ಹೀಗೆ ಕಾಯಿ ಕೈಯಿಂದ ಕೈಗೆ ಹೋಗತೊಡಗಿದಾಗ ಹೇಳದೆಯೇ ಎಲ್ಲರೂ ಮಾತು ನಿಲ್ಲಿಸಿದರು. ಬಸ್‌ಸ್ಟ್ಯಾಂಡಿನ ಗಲಾಟೆಯ ನಡುವೆ ಅಷ್ಟು ಜನ ಉಸಿರು ಬಿಗಿಹಿಡಿದು ಒಂದು ಕಾಯಿಯೊಳಗಿನ ನೀರನ್ನು ಕೇಳಿಸಿಕೊಂಡದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೊನೆಗೆ ಪುಟ್ಟ ಹುಡುಗಿ ಹೆದರುತ್ತಲೇ ಕಿವಿಗೊಟ್ಟು, "ಅಮ್ಮಾ, ಗುಮ್ಮ ಜಳ್ಕ ಮಾಡ್ತೈತೆ" ಎಂದಳು. ಗಿರಿಜಮ್ಮನವರೂ ನಕ್ಕುಬಿಟ್ಟರು. ಈ ಸಲ ನೀರು ಅವರ ಸೀರೆಯ ನೆರಿಗೆಯವರೆಗೆ ಚಿಮ್ಮಿತು. ಬೀಗದಕೈ ಅಕ್ಕನ ಅಂಗೈಗೆ ಬಿತ್ತು.

ಅಜ್ಜಿ ಉಂಡೆ ಕೊಬ್ಬರಿಯನ್ನು ಹೋಳು ಮಾಡಿ, ಬೆಲ್ಲದ ಜೊತೆ ಎಲ್ಲರಿಗೂ ಹಂಚಿದಳು. ಹೊರಗೆ ಕಂದು, ಒಳಗೆ ಬಿಳಿ. ಭಾಷಣದಲ್ಲಿ ಕೈಬಿಟ್ಟಿದ್ದ ಅರ್ಥ ನನ್ನ ಅಂಗೈಯಲ್ಲೇ ಬಂದು ಕೂತಿತ್ತು. "ಒಂದ್ ಚೂರೂ ಬೂಷ್ಟು ಹಿಡ್ದಿಲ್ಲ ನೋಡೇ" ಎಂದು ಅಜ್ಜಿ ಹೆಮ್ಮೆಯಿಂದ ತೋರಿಸಿದಳು. ಹೌದು, ಅದಕ್ಕೆ ಹಿಡಿದಿರಲಿಲ್ಲ; ಹಿಡಿದಿದ್ದರೆ ನನಗೆ.

ಪುಟ್ಟ ಹುಡುಗಿ ಅಗಿಯುತ್ತಾ ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದಳು. ಅಕ್ಕ ಹೊಸ ಬೋರ್ಡಿನ ಮೇಲೆ ಮೊದಲ ಪದ ಬರೆದಳು: ಕೋಪ್ರ. ಇದೂ ಪೋರ್ಚುಗೀಸರೇ ಕರಾವಳಿಯವರ ಬಾಯಿಂದ ಎತ್ತಿಕೊಂಡು ಹೋದದ್ದು ಎಂದು ಅಕ್ಕ ವಿವರಿಸಿದಾಗ ಅಜ್ಜಿ ಆ ದಿನದ ಕೊನೆಯ ಆಘಾತಕ್ಕೆ ಒಳಗಾದಳು.

"ಕೋಪ್ರ ಅಂದ್ರೆ ನಮ್ ಕೊಬ್ರಿನೇ ಅಲ್ವೇನೆ! ಹಸೀದ್ ಕಂಡ್ರೆ ಗುಮ್ಮ, ಒಣಗಿದ್ ಮ್ಯಾಲೆ ನಮ್ ಹೆಸ್ರೇ ಬೇಕಾಯ್ತಾ ಅವರ್ಗೆ?"

ಎದ್ದು ಹೋದ ಇಬ್ಬರಲ್ಲಿ ಒಬ್ಬರು ಮರುವಾರ ಮಗನನ್ನು ಕರೆದುಕೊಂಡು ಬಂದರು. ಇನ್ನೊಬ್ಬರು ಬರಲೇ ಇಲ್ಲ. ಅವರ ಬೀದಿಯಲ್ಲಿ ಈಗ ನಮ್ಮ ಕೊಬ್ಬರಿಗೆ ಕೋರೆಹಲ್ಲು ಮೂಡಿದೆಯಂತೆ. ಕಥೆ ಎಳೆಯುವುದರಲ್ಲಿ ನನ್ನನ್ನು ಮೀರಿಸಿದವರೂ ಇದ್ದಾರೆಂದು ತಿಳಿದು ತುಸು ಅಸೂಯೆಯಾಯಿತು.

ಮನೆಗೆ ಬಂದಮೇಲೆ, ಮೂರು ಕಣ್ಣಿದ್ದ ಆ ಚಿಪ್ಪಿನ ಹೋಳನ್ನು ನಾನು ಒಲೆಗೆ ಹಾಕಗೊಡದೆ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹೆದರಿದವರಿಗೆ ಗುಮ್ಮ, ನಂಬಿದವಳಿಗೆ ಮುಕ್ಕಣ್ಣ. ನನಗೆ ಈಗ ಅದು ಹಲ್ಲು ಕಿರಿಯುವಂತೆ ಕಾಣುವುದಿಲ್ಲ. ಜುಟ್ಟು ಸರಿಸಿ ನೀವೂ ಇನ್ನೊಮ್ಮೆ ನೋಡಿ. ಮೇಲಿನ ಎರಡು ಅಗಲವಾಗಿ ತೆರೆದ ಕಣ್ಣು, ಕೆಳಗಿನದು ದುಂಡಗೆ ತೆರೆದುಕೊಂಡ ಬಾಯಿ. ಅದು ಹೆದರಿಸುವ ಮುಖವೇ ಅಲ್ಲ. ಯಾರೋ ತನ್ನನ್ನು ಕಿವಿಗೆ ಹಿಡಿದು ಮೂರು ಸಲ ಅಲ್ಲಾಡಿಸಿಯೂ ಏನನ್ನೂ ಕೇಳಿಸಿಕೊಳ್ಳದೆ ಚೀಲಕ್ಕೆ ಹಾಕಿಕೊಂಡರೆ, ಯಾವ ಕಾಯಿಯಾದರೂ ಮಾಡಬಹುದಾದ ಮುಖ.